ಮೇಲಿನ ಮಹಡಿಯ ಮನೆಗೆ ಎ.ಸಿ. ಬೇಕಾ, ಕೂಲರ್ ಸಾಕಾ?

ಪ್ರಶ್ನೆ: ವಿಜಯಪುರದಲ್ಲಿ ಮೇಲಿನ ಮಹಡಿಯ ಮನೆ ನಮ್ಮದು. ಆರ್‌ಸಿಸಿ ಚಾವಣಿ. ಬೇಸಿಗೆಯಲ್ಲಿ ರಾತ್ರಿಯೂ ನಿದ್ದೆ ಇಲ್ಲ. ಎ.ಸಿ. ಹಾಕಿಸಿದರೆ ಬಿಲ್ ಎಷ್ಟು ಬರುತ್ತದೋ ಅಂತ ಭಯ. ಕೂಲರ್ ಸಾಕಾಗುತ್ತಾ?

ಉತ್ತರ: ನಿಮ್ಮೂರಿಗೆ ಕೂಲರ್ ಸಾಕು. ಆದರೆ ಅಂಗಡಿಗೆ ಹೋಗುವ ಮುಂಚೆ ಮಾಳಿಗೆ ಹತ್ತಿ. ನಿಮ್ಮ ನಿದ್ದೆ ಕೆಡಿಸುತ್ತಿರುವುದು ಆ ಸ್ಲ್ಯಾಬ್.

ದಿನವಿಡೀ ಅದು ಬಿಸಿಲು ಕುಡಿಯುತ್ತದೆ. ಒಲೆ ಆರಿದ ಮೇಲೂ ರೊಟ್ಟಿ ಹಂಚು ಬಿಸಿ ಇರುತ್ತದಲ್ವಾ, ಹಾಗೇ ರಾತ್ರಿಯೆಲ್ಲ ಕಾವು ಕೆಳಗೆ ಬಿಡುತ್ತಿರುತ್ತದೆ. ರಾತ್ರಿ ಒಂಬತ್ತಕ್ಕೆ ಫ್ಯಾನ್ ಆರಿಸಿ, ಸ್ಟೂಲ್ ಹತ್ತಿ ಚಾವಣಿಗೆ ಅಂಗೈ ಇಟ್ಟು ನೋಡಿ. ಎ.ಸಿ. ತಂದರೂ ಅದು ಮೊದಲು ಈ ಕಾವಿನ ಜೊತೆ ಗುದ್ದಾಡಬೇಕು. ಆ ಗುದ್ದಾಟದ ದುಡ್ಡು ನಿಮ್ಮದು.

ಮಾಳಿಗೆಗೆ ಬಿಳಿ ಸುಣ್ಣ ಬಳಿಯಿರಿ. ಬಿಸಿಲಿನ ದೊಡ್ಡ ಪಾಲು ವಾಪಸ್ ಹೋಗುತ್ತದೆ. ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ, ಹಾಗಾಗಿ ಪ್ಲಾಸ್ಟಿಕ್ ಬಕೆಟ್ ಬೇಡ, ಕಬ್ಬಿಣದ ಡ್ರಮ್ ಇರಲಿ. ಮಕ್ಕಳನ್ನು ದೂರ ಇಡಿ, ಕಣ್ಣಿಗೆ ಸಿಡಿದರೆ ಅಪಾಯ. ರಾತ್ರಿಯೆಲ್ಲ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಫೆವಿಕಾಲ್ ಬೆರೆಸಿ. ಮಾಳಿಗೆ ಗುಡಿಸಿ, ನೀರು ಚಿಮುಕಿಸಿ, ಸಂಜೆ ಹೊತ್ತಿಗೆ ಎರಡು ಕೋಟ್ ಹೊಡೆಯಿರಿ. ಕಡಕ್ ಬಿಸಿಲಲ್ಲಿ ಬಳಿದರೆ ಬೇಗ ಒಣಗಿ ಪುಡಿಯಾಗಿ ಏಳುತ್ತದೆ. ಮಳೆಗಾಲಕ್ಕೆ ತೊಳೆದು ಹೋಗುತ್ತದೆ, ನಿಜ. ಮುಂದಿನ ಮಾರ್ಚ್‌ಗೆ ಮತ್ತೆ ಬಳಿಯಿರಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ತಂಪು ಕೊಡುವುದು ಬೇರೆ ಯಾವುದೂ ನನಗೆ ಗೊತ್ತಿಲ್ಲ.

ಪಡುವಣ ಕಿಟಕಿಗೆ ಹೊರಗಡೆಯಿಂದ ನೆರಳು ಮಾಡಿ. ಒಳಗಿನ ಪರದೆ ಎಷ್ಟೇ ದಪ್ಪ ಇದ್ದರೂ ಬಿಸಿಲು ಅಷ್ಟೊತ್ತಿಗೆ ಗಾಜು ದಾಟಿ ಬಂದಿರುತ್ತದೆ.

ಈಗ ಕೂಲರ್. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಎಳೆದುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ತಂಪು ಜಾಸ್ತಿ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಗಾಳಿ ಒಣ ಗಾಳಿಯೇ. ತುಂಬಾ ಜನ ಕೂಲರನ್ನು ಕೋಣೆಯೊಳಗೆ ಇಟ್ಟು ಬಾಗಿಲು, ಕಿಟಕಿ ಎಲ್ಲ ಮುಚ್ಚುತ್ತಾರೆ. ಆಮೇಲೆ ಮೈ ಜಿಗಿಜಿಗಿ ಅಂತ ಬೈಯುತ್ತಾರೆ. ಅದನ್ನು ಕಿಟಕಿಯ ಹೊರಗೆ ಕೂರಿಸಿ, ಎದುರಿನ ಕಿಟಕಿ ತೆರೆದಿಡಿ. ಹಸಿ ಗಾಳಿ ಹೊರಗೆ ಹೋಗಲೇಬೇಕು. ಬೋರ್ ನೀರು ಗಡಸಾಗಿದ್ದರೆ ಪ್ಯಾಡ್ ಮೇಲೆ ಬಿಳಿ ಪದರ ಕಟ್ಟಿ ಗಾಳಿ ಸರಿಯಾಗಿ ಬರುವುದಿಲ್ಲ. ಆಗಾಗ ತೊಟ್ಟಿ ಖಾಲಿ ಮಾಡಿ ತೊಳೆಯಿರಿ, ಸೊಳ್ಳೆಯೂ ಆಗುವುದಿಲ್ಲ.

ಖರ್ಚು ನೋಡೋಣ. 200 ವ್ಯಾಟ್ ಕೂಲರ್ ಹತ್ತು ತಾಸು ಓಡಿದರೆ 2 ಯೂನಿಟ್. ಒಂದೂವರೆ ಟನ್ ಎ.ಸಿ. ಪೂರ್ತಿ ಓಡುವಾಗ ಸುಮಾರು 1500 ವ್ಯಾಟ್ ಎಳೆಯುತ್ತದೆ. ಕಂಪ್ರೆಸರ್ ನಡುನಡುವೆ ನಿಂತರೂ ಒಂದು ರಾತ್ರಿಗೆ 6–8 ಯೂನಿಟ್ ಸುಲಭವಾಗಿ ಆಗಿಬಿಡುತ್ತದೆ. ಗೃಹಜ್ಯೋತಿ ಇರುವವರು ಇಲ್ಲಿ ಹುಷಾರಾಗಿರಬೇಕು. ತಿಂಗಳಿಗೆ 200 ಯೂನಿಟ್ ದಾಟಿತೆಂದರೆ ಜಾಸ್ತಿ ಬಳಸಿದ್ದಕ್ಕೆ ಮಾತ್ರ ಅಲ್ಲ, ಇಡೀ ಬಿಲ್ ಕಟ್ಟಬೇಕು.

ಜೂನ್‌ನಲ್ಲಿ ಗಾಳಿ ಹಸಿಯಾದರೆ ಕೂಲರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಆಗ ನೀರಿನ ಪಂಪ್ ಆರಿಸಿ ಬರೀ ಗಾಳಿಗೆ ಬಳಸಿ. ಮನೆಯಲ್ಲಿ ವಯಸ್ಸಾದವರೋ ಕಾಯಿಲೆಯವರೋ ಇದ್ದು ಎ.ಸಿ. ಬೇಕೇ ಬೇಕು ಅಂದರೆ ಮಲಗುವ ಒಂದೇ ಕೋಣೆಗೆ ಹಾಕಿಸಿ. 26 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನ್ ಹಾಕಿ. ಒಂದೊಂದು ಡಿಗ್ರಿ ಏರಿಸಿದರೂ ಸುಮಾರು 6% ಕರೆಂಟ್ ಉಳಿಯುತ್ತದೆ.