ಸೈನಿಕನನ್ನು ನೋಡಿದರು, ಗುಡ್ಡವನ್ನು ನೋಡಲಿಲ್ಲ

ಒಂದು ಇಳಿಜಾರು ಹೊಲ. ಕಟಾವು ಮುಗಿದು ಕೂಳೆ ಮಾತ್ರ ಉಳಿದಿದೆ. ಬಿಳಿ ಅಂಗಿಯ ಒಬ್ಬ ಹಿಂದಕ್ಕೆ ವಾಲಿ ಬೀಳುತ್ತಿದ್ದಾನೆ. ಮೈಮೇಲೆ ತೋಟಾ ಇಡುವ ಚರ್ಮದ ಚೀಲಗಳು. ಚಾಚಿದ ಬಲಗೈಯಿಂದ ಬಂದೂಕು ಜಾರುತ್ತಿದೆ. ತಲೆಯ ಮೇಲೆ ಏನೋ ಹಾರಿದ ಹಾಗೆ ಕಾಣುತ್ತದೆ. ಬುರುಡೆಯ ಚೂರು ಅಂದುಕೊಂಡವರೂ ಇದ್ದಾರೆ, ಅದು ಟೋಪಿಯ ಕುಚ್ಚು. ಅವನ ಹಿಂದೆ, ತೀರಾ ಕೆಳಗೆ, ದೂರದ ಗುಡ್ಡಗಳ ಮಸುಕು ಗೆರೆ. ಉಳಿದದ್ದೆಲ್ಲ ಆಕಾಶ.

ಸ್ಪೇನಿನ ಅಂತರ್ಯುದ್ಧದಲ್ಲಿ ರಾಬರ್ಟ್ ಕಾಪಾ ತೆಗೆದ ಫೋಟೋ ಇದು. ಆಗ ಅವನಿಗೆ 22 ವರ್ಷ. ಯುದ್ಧ ಶುರುವಾಗಿದ್ದು 1936ರ ಜುಲೈನಲ್ಲಿ. ಫೋಟೋ ಮೊದಲು ಅಚ್ಚಾಗಿದ್ದು ಪ್ಯಾರಿಸ್ಸಿನ 'ವು' ಪತ್ರಿಕೆಯಲ್ಲಿ, ಅದೇ ವರ್ಷ ಸೆಪ್ಟೆಂಬರ್ 23ರಂದು. ಅಡಿಬರಹದಲ್ಲಿ ಗುಂಡು, ರಕ್ತ, ತಾಯ್ನೆಲ ಎಲ್ಲ ಇತ್ತು. ಬಿದ್ದವನ ಹೆಸರಿಲ್ಲ, ಊರಿಲ್ಲ, ದಿನಾಂಕವೂ ಇಲ್ಲ. 1937ರ ಜುಲೈನಲ್ಲಿ ಅಮೆರಿಕದ 'ಲೈಫ್' ಮತ್ತೆ ಅಚ್ಚು ಹಾಕಿತು. ಅಲ್ಲಿಂದಾಚೆ ಯುದ್ಧದ ಫೋಟೋ ಅಂದರೆ ಇದೇ ಅನ್ನುವಷ್ಟು ಹೆಸರಾಯಿತು.

ಸುಮಾರು ನಲವತ್ತು ವರ್ಷ ಯಾರೂ ಜೋರಾಗಿ ಪ್ರಶ್ನೆ ಕೇಳಲಿಲ್ಲ. 1975ರಲ್ಲಿ ಯುದ್ಧ ವರದಿಗಾರಿಕೆಯ ಬಗ್ಗೆ ಬಂದ ಪುಸ್ತಕವೊಂದರಲ್ಲಿ, ಇದು ನಟಿಸಿ ತೆಗೆದ ಫೋಟೋ ಎಂಬ ಹಳೆಯ ಪತ್ರಕರ್ತರೊಬ್ಬರ ಮಾತು ಸೇರಿತು. ಅಲ್ಲಿಂದ ಜಗಳ. ಕೇಳೋಣವೆಂದರೆ ಕಾಪಾ 1954ರಲ್ಲೇ ವಿಯೆಟ್ನಾಂನಲ್ಲಿ ನೆಲಬಾಂಬ್ ತುಳಿದು ಸತ್ತಿದ್ದ. ಜೊತೆಗಿದ್ದ ಫೋಟೋಗ್ರಾಫರ್ ಗೆರ್ಡಾ ಟಾರೋ 1937ರಲ್ಲೇ ಯುದ್ಧಭೂಮಿಯಲ್ಲಿ ಟ್ಯಾಂಕ್ ಹರಿದು ತೀರಿಕೊಂಡಿದ್ದಳು. ಮೂಲ ನೆಗೆಟಿವ್ ಕೂಡ ಇಲ್ಲ. ಕಾಪಾ, ಟಾರೋ ಮತ್ತು ಅವರ ಗೆಳೆಯ ಚಿಮ್ ತೆಗೆದ ಸುಮಾರು 4500 ನೆಗೆಟಿವ್‌ಗಳು ಮೆಕ್ಸಿಕೋದಲ್ಲಿ ಸಿಕ್ಕಿ 2007ರಲ್ಲಿ ನ್ಯೂಯಾರ್ಕಿಗೆ ಬಂದಾಗ ಎಲ್ಲರೂ ಇದನ್ನೇ ಹುಡುಕಿದರು. ಇರಲಿಲ್ಲ. ನೆಗೆಟಿವ್ ಸಿಕ್ಕಿದ್ದರೆ ಯಾವ ಫ್ರೇಮ್ ಮೊದಲು, ಯಾವುದು ಆಮೇಲೆ ಅಂತಲಾದರೂ ಗೊತ್ತಾಗುತ್ತಿತ್ತು.

ಇಷ್ಟರಲ್ಲಿ ಒಂದು ಉತ್ತರ ಸಿಕ್ಕಿದೆ ಅಂತಲೇ ಜನ ನಂಬಿದ್ದರು. ಅಲ್ಕೊಯ್ ಎಂಬ ಊರಿನ ಮಾರಿಯೋ ಬ್ರೊತೋನ್ಸ್, ಹುಡುಗನಾಗಿದ್ದಾಗ ತಾನೇ ಆ ಊರಿನ ಪಡೆ ಸೇರಿದ್ದವರು. ಫೋಟೋದಲ್ಲಿ ಅವರ ಕಣ್ಣಿಗೆ ಬಿದ್ದದ್ದು ತೋಟಾ ಚೀಲ. ಇಂಥ ಚೀಲ ಅಲ್ಕೊಯ್ ಪಡೆಯವರದ್ದು ಅಂದರು. ಆ ಪಡೆ 1936ರ ಸೆಪ್ಟೆಂಬರ್ 5ರಂದು ಕೊರ್ದೊಬಾ ನಗರದ ಉತ್ತರಕ್ಕಿರುವ ಸೆರ್ರೊ ಮುರಿಯಾನೊದಲ್ಲಿ ಹೋರಾಡಿತ್ತು. ಆವತ್ತು ಅಲ್ಲಿ ಸತ್ತ ಅಲ್ಕೊಯ್‌ನವನು ಒಬ್ಬನೇ, ಫೆಡೆರಿಕೊ ಬೊರೆಲ್ ಗಾರ್ಸಿಯಾ, ವಯಸ್ಸು 24. ಊರು ಬಿಟ್ಟು ಓಡುತ್ತಿದ್ದ ಸೆರ್ರೊ ಮುರಿಯಾನೊ ಜನರ ಫೋಟೋಗಳನ್ನೂ ಕಾಪಾ ತೆಗೆದಿದ್ದ. ಹಾಗಾಗಿ ಅವನು ಅಲ್ಲಿಗೆ ಹೋಗಿದ್ದು ನಿಜ. 1996ರಲ್ಲಿ ಬೊರೆಲ್ ಮನೆಯವರೂ ಫೋಟೋ ನೋಡಿ ಹೌದು, ಇವನೇ ಅಂದರು. ಹೆಸರು, ಊರು, ದಿನಾಂಕ ಮೂರೂ ಒಟ್ಟಿಗೆ ಸಿಕ್ಕವು. ಪುಸ್ತಕಗಳ ಅಡಿಬರಹ ಬದಲಾದವು.

ಸಿಕ್ಕಿದ್ದು ಸ್ವಲ್ಪ ಜಾಸ್ತಿಯೇ ಅಚ್ಚುಕಟ್ಟಾಗಿತ್ತು ಅಂತ ಈಗ ಅನ್ನಿಸುತ್ತದೆ. ಆಮೇಲೆ 1937ರ ಒಂದು ಅನಾರ್ಕಿಸ್ಟ್ ಪತ್ರಿಕೆ ಸಿಕ್ಕಿತು. ಅದರಲ್ಲಿ ಬೊರೆಲ್‌ಗೆ ಶ್ರದ್ಧಾಂಜಲಿ ಇತ್ತು. ಮರದ ಮರೆಯಲ್ಲಿ ನಿಂತು ಗುಂಡು ಹಾರಿಸುತ್ತಿದ್ದಾಗ ಅವನು ಸತ್ತ ಅಂತ ಬರೆದಿತ್ತು. ಫೋಟೋ ಮತ್ತೆ ನೋಡಿ. ಮರ ಎಲ್ಲಿದೆ? ಒಂದು ಪೊದೆಯೂ ಇಲ್ಲ.

'ವು' ಪತ್ರಿಕೆಯ ಆ ಪುಟದಲ್ಲಿ ಇನ್ನೊಂದು ವಿಚಿತ್ರ ಮೊದಲಿನಿಂದಲೂ ಕೂತಿತ್ತು. ಅಲ್ಲಿರುವುದು ಒಂದಲ್ಲ, ಎರಡು ಫೋಟೋ. ಎರಡನೆಯದರಲ್ಲಿ ಬೇರೊಬ್ಬ ಬೀಳುತ್ತಿದ್ದಾನೆ. ಹೊಲ ಅದೇ, ಜಾಗ ಅದೇ, ಮೋಡ ಕೂಡ ಹೆಚ್ಚುಕಮ್ಮಿ ಅದೇ. ಕೆಲವೇ ನಿಮಿಷಗಳ ಅಂತರದಲ್ಲಿ ಇಬ್ಬರು ಒಂದೇ ಜಾಗದಲ್ಲಿ ಸತ್ತರು ಅಂದರೆ ಮೊದಲು ಬಿದ್ದವನ ಹೆಣ ಅಲ್ಲೇ ಇರಬೇಕಲ್ವಾ?

ಇಷ್ಟೆಲ್ಲ ಆದರೂ ಎಲ್ಲರ ಕಣ್ಣು ಮನುಷ್ಯನ ಮೇಲೇ ಇತ್ತು. ಕಾಪಾನ ಜೀವನಚರಿತ್ರೆ ಬರೆದ ರಿಚರ್ಡ್ ವೇಲನ್ ಅಮೆರಿಕದ ಒಬ್ಬ ಕೊಲೆ ತನಿಖಾಧಿಕಾರಿಗೆ ಫೋಟೋ ತೋರಿಸಿ, ಬೀಳುವವನ ಬೆರಳು ಹೇಗೆ ಮಡಚಿದೆ ಎಂಬುದರಿಂದ ಸಾವು ನಿಜವೋ ಸುಳ್ಳೋ ಅಂತ ಕೇಳಿದರು. ಕೈ ಸತ್ವ ಕಳಕೊಂಡಿದೆ, ಇದು ನಟನೆ ಅಲ್ಲ ಅಂದರು ಆ ಅಧಿಕಾರಿ. ಹಿಂದಿನ ಗುಡ್ಡದ ಗೆರೆ ಮಾತ್ರ ಸುಮ್ನೆ ಅಲ್ಲೇ ಇತ್ತು.

ಅದನ್ನು ಹಿಡಿದವರು ಸ್ಪೇನಿನ ಬಾಸ್ಕ್ ಪ್ರಾಂತ್ಯದ ಪ್ರಾಧ್ಯಾಪಕ ಹೊಸೆ ಮನುವೆಲ್ ಸುಸ್ಪೆರೆಗಿ. ಬೀಳುವವನ ಫೋಟೋ ಒಂದರಿಂದ ಜಾಗ ಗುರುತಿಸುವುದು ಕಷ್ಟ, ಗುಡ್ಡ ಅಷ್ಟು ಚಿಕ್ಕದಾಗಿ ಕಾಣುತ್ತದೆ. ಆದರೆ ಅದೇ ದಿನ, ಅದೇ ಇಳಿಜಾರಿನಲ್ಲಿ ತೆಗೆದ ಬೇರೆ ಫೋಟೋಗಳೂ ಇದ್ದವು. ಬಂದೂಕು ಮೇಲೆತ್ತಿ ಸಾಲಾಗಿ ನಿಂತವರು, ಹಳ್ಳ ಹಾರುವವರು. ಬೀಳುವ ಮನುಷ್ಯನೇ ಅವುಗಳಲ್ಲೂ ಇದ್ದಾನೆ, ಹಾಗಾಗಿ ಇವೆಲ್ಲ ಒಂದೇ ಕಂತೆಯವು. ಅವುಗಳಲ್ಲಿ ಹಿಂದಿನ ಬಯಲು ಮತ್ತು ಬೆಟ್ಟಸಾಲು ಅಗಲವಾಗಿ ಕಾಣುತ್ತದೆ. ಎಪ್ಪತ್ತು ವರ್ಷದಲ್ಲಿ ಮರ ಹೋಗುತ್ತದೆ, ಮನೆ ಬರುತ್ತದೆ, ದಾರಿ ಬದಲಾಗುತ್ತದೆ. ದೂರದ ಬೆಟ್ಟದ ಅಂಚು ಹಾಗೇ ಇರುತ್ತದೆ.

ಸುಸ್ಪೆರೆಗಿ ಈ ಫೋಟೋಗಳನ್ನು ಕೊರ್ದೊಬಾ ಸುತ್ತಲಿನ ಊರುಗಳಿಗೆ ಇಮೇಲ್ ಮಾಡಿದರು, ಈ ನೋಟ ಎಲ್ಲಿಯದು ಅಂತ ಕೇಳಿದರು. ಒಬ್ಬ ಮೇಷ್ಟ್ರು ತಮ್ಮ ತರಗತಿಯಲ್ಲಿ ತೋರಿಸಿದರು. ಒಬ್ಬ ವಿದ್ಯಾರ್ಥಿಗೆ ಜಾಗ ತಕ್ಷಣ ಗುರುತು ಸಿಕ್ಕಿತು: ಎಸ್ಪೆಹೊ. ದಿನಾ ಕಣ್ಣೆದುರು ಇರುವ ಬೆಟ್ಟಸಾಲನ್ನು ಗುರುತಿಸಲು ತಜ್ಞರು ಬೇಕಿಲ್ಲ ನೋಡಿ. ಹೋಗಿ ನಿಂತು ನೋಡಿದರೆ ಬೆಟ್ಟದ ಗೆರೆ ಹೊಂದಿತು. 2009ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಎಸ್ಪೆಹೊ ಕೂಡ ಕೊರ್ದೊಬಾ ಸೀಮೆಯದೇ. ಆದರೆ ಸೆರ್ರೊ ಮುರಿಯಾನೊದಿಂದ ಸುಮಾರು 50 ಕಿಲೋಮೀಟರ್ ದೂರ. ಜಾಗ ಬದಲಾದದ್ದೇ ತಡ, ದಿನಾಂಕವೂ ಅಲುಗಾಡಿತು. ಸೆಪ್ಟೆಂಬರ್ 5ರ ಕಾಳಗ ನಡೆದದ್ದು ಅಲ್ಲಿ, ಫೋಟೋ ಇಲ್ಲಿಯದು. ಬೊರೆಲ್ ಸತ್ತದ್ದೂ ಅಲ್ಲಿ, ಹಾಗಾದರೆ ಇವನು ಬೊರೆಲ್ ಅಲ್ಲ. ಇನ್ನೂ ದೊಡ್ಡ ಪೆಟ್ಟು ಬೇರೆ ಇದೆ. ಎಸ್ಪೆಹೊ ಸುತ್ತ ನಿಜವಾದ ಕಾಳಗ ಶುರುವಾಗಿದ್ದು ಸೆಪ್ಟೆಂಬರ್ 22ರ ಹೊತ್ತಿಗೆ. 'ವು' ಪ್ಯಾರಿಸ್ಸಿನಲ್ಲಿ ಹೊರಬಂದದ್ದು 23ರಂದು. ಫಿಲ್ಮ್ ಸ್ಪೇನ್ ದಾಟಿ, ತೊಳೆದು, ಪ್ರಿಂಟ್ ಹಾಕಿ, ಪುಟ ಕಟ್ಟಿ ಅಚ್ಚಾಗಬೇಕು. ಒಂದು ದಿನದಲ್ಲಿ ಆಗುವ ಕೆಲಸ ಅಲ್ಲ. ಅಂದರೆ ಫೋಟೋ ತೆಗೆದದ್ದು ಅದಕ್ಕೂ ಮೊದಲು, ಅಲ್ಲಿ ಗುಂಡಿನ ಸದ್ದು ಇಲ್ಲದ ದಿನಗಳಲ್ಲಿ.

ಹಾಗಂತ ನಟನೆ ಅನ್ನುವುದು ಸಾಬೀತಾಯಿತಾ? ನನ್ನ ಮಟ್ಟಿಗೆ ತಕ್ಕಡಿ ಆ ಕಡೆಗೇ ವಾಲಿದೆ. ಒಪ್ಪದವರೂ ಇದ್ದಾರೆ. ಕ್ಯಾಮೆರಾಗೆ ಅಂತ ಓಡಾಡುತ್ತಿದ್ದಾಗ ದೂರದಿಂದ ಯಾರೋ ಒಬ್ಬ ಗುರಿಯಿಟ್ಟು ಹೊಡೆದಿರಬಹುದು ಅನ್ನುತ್ತಾರೆ. 2013ರಲ್ಲಿ ಕಾಪಾನ ಧ್ವನಿಯೇ ಸಿಕ್ಕಿತು, 1947ರ ಒಂದು ರೇಡಿಯೋ ಸಂದರ್ಶನ. ಕಂದಕದಲ್ಲಿ ಕೂತು ಕ್ಯಾಮೆರಾವನ್ನು ತಲೆಯ ಮೇಲೆ ಎತ್ತಿ, ನೋಡದೆಯೇ ಬಟನ್ ಒತ್ತಿದೆ ಅಂತ ಅವನು ಹೇಳುತ್ತಾನೆ. ಊರಿನ ಹೆಸರು ಹೇಳುವುದಿಲ್ಲ. ಆಂದಲೂಸಿಯಾ ಅಂತಾನೆ, ಅಷ್ಟೇ. ಆ ಪ್ರಾಂತ್ಯದಲ್ಲಿ ಎಸ್ಪೆಹೊನೂ ಬರುತ್ತದೆ, ಸೆರ್ರೊ ಮುರಿಯಾನೊನೂ ಬರುತ್ತದೆ.

ಈಗ ಎಷ್ಟೋ ಕಡೆ ಫೋಟೋದಡಿಯಿಂದ ಸೆರ್ರೊ ಮುರಿಯಾನೊ ಹೋಗಿದೆ, ಬೊರೆಲ್ ಹೆಸರೂ ಹೋಗಿದೆ. ಕೊರ್ದೊಬಾ ರಣರಂಗ, ಸೆಪ್ಟೆಂಬರ್ 1936 ಅಂತ ಬರೆದು ಬಿಡುತ್ತಾರೆ. 1937ರಲ್ಲಿ 'ಲೈಫ್' ಜಾಗದ ಬಗ್ಗೆ ಬರೆದದ್ದೂ ಇಷ್ಟನ್ನೇ: ಕೊರ್ದೊಬಾದ ಎದುರು.