ಪುನರುತ್ಥಾನ: ಪದದ ಅರ್ಥ, ಸಾಕ್ಷಿಯ ತೂಕ

‘ಉತ್ಥಾನ’ ಎಂದರೆ ಏಳುವುದು. ಕಾರ್ತಿಕದ ಉತ್ಥಾನ ದ್ವಾದಶಿಯಲ್ಲಿರುವುದೂ ಇದೇ ಪದ. ಬೈಬಲಿನ ಹೊಸ ಒಡಂಬಡಿಕೆಯ ಗ್ರೀಕ್ ಪದವಾದ ‘ಅನಾಸ್ತಾಸಿಸ್’ಗೂ ಮೂಲಾರ್ಥ ಎದ್ದು ನಿಲ್ಲುವುದೇ ಆದ್ದರಿಂದ, ‘ಪುನರುತ್ಥಾನ’ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಇದು ಪುನರ್ಜನ್ಮವಲ್ಲ, ಆತ್ಮದ ಅಮರತ್ವವಷ್ಟೇ ಅಲ್ಲ. ಸತ್ತು ಸಮಾಧಿಯಾದವನು ಮಾರ್ಪಟ್ಟ ದೇಹದೊಡನೆ, ಮತ್ತೆಂದೂ ಸಾಯದವನಾಗಿ ಏಳುವುದು. ಯೇಸುವಿನ ವಿಷಯದಲ್ಲಿ ಕ್ರೈಸ್ತರು ಇದನ್ನು ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದ ಜೆರೂಸಲೇಮಿನಲ್ಲಿ ನಡೆದ ಘಟನೆ ಎನ್ನುತ್ತಾರೆ. ಘಟನೆ ಎಂದ ಮೇಲೆ ಸಾಕ್ಷಿ ಕೇಳುವುದು ನ್ಯಾಯವೇ.

ನನ್ನ ದೃಷ್ಟಿಯಲ್ಲಿ ಅತ್ಯಂತ ಬಲವಾದ ಸಾಕ್ಷಿ ಯೇಸುವಿನ ಚರಿತ್ರೆ ಹೇಳುವ ಸುವಾರ್ತೆಗಳಲ್ಲಿಲ್ಲ. ಅವುಗಳಿಗೂ ಮೊದಲು, ಕ್ರಿ.ಶ. 55ರ ಆಸುಪಾಸಿನಲ್ಲಿ ಆದಿ ಕ್ರೈಸ್ತ ಪ್ರಚಾರಕನಾದ ಪೌಲನು ಗ್ರೀಸಿನ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿದೆ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಕೇಫನಿಗೂ (ಶಿಷ್ಯ ಪೇತ್ರನಿಗೂ) ಹನ್ನೆರಡು ಮಂದಿ ಶಿಷ್ಯರಿಗೂ ಕಾಣಿಸಿಕೊಂಡನು ಎಂಬ ಮಾತನ್ನು ತಾನು ‘ಪಡೆದು’ ಅವರಿಗೆ ‘ಒಪ್ಪಿಸಿದೆ’ ಎಂದು ಪೌಲ ಹೇಳುತ್ತಾನೆ. ಬಾಯಿಂದ ಬಾಯಿಗೆ ಬಂದ ಪಾಠವನ್ನು ಕೆಡದಂತೆ ದಾಟಿಸುವುದಕ್ಕೆ ಯೆಹೂದಿ ಗುರುಗಳು ಬಳಸುತ್ತಿದ್ದ ಕ್ರಿಯಾಪದಗಳಿವು. ತಾನು ನಂಬಿದ ಮೂರು ವರ್ಷದ ಮೇಲೆ ಜೆರೂಸಲೇಮಿಗೆ ಹೋಗಿ ಕೇಫನೊಡನೆ 15 ದಿನ ಇದ್ದುದಾಗಿಯೂ, ಯೇಸುವಿನ ತಮ್ಮ ಯಾಕೋಬನನ್ನು ಕಂಡುದಾಗಿಯೂ ಆತನೇ ಗಲಾತ್ಯದವರಿಗೆ ಬರೆದಿದ್ದಾನೆ. ಹೀಗಾಗಿ ಪತ್ರಕ್ಕೂ ಘಟನೆಗೂ ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿದ್ದರೂ, ಪತ್ರದೊಳಗಿನ ಆ ಮಾತು ಕೆಲವೇ ವರ್ಷಗಳಷ್ಟು ಹತ್ತಿರದ್ದೆಂದು ಬಹುಪಾಲು ವಿದ್ವಾಂಸರು, ನಂಬದವರೂ ಸಹ, ಒಪ್ಪುತ್ತಾರೆ.

ಬರಿದಾದ ಸಮಾಧಿಯ ವಾದ ಇಷ್ಟು ಗಟ್ಟಿಯಲ್ಲ. ಪೌಲ ಅದನ್ನು ಹೆಸರಿಸಿಲ್ಲ. ಆದರೂ ನಾಲ್ಕು ಸುವಾರ್ತೆಗಳಲ್ಲೂ ಅದನ್ನು ಮೊದಲು ಕಂಡವರು ಮಗ್ದಲದ ಮರಿಯಳಂಥ ಹೆಂಗಸರು. ಹೆಂಗಸರ ಸಾಕ್ಷಿ ಸಲ್ಲದೆಂದು ಅದೇ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿರುವಾಗ, ಕಟ್ಟುಕಥೆ ಹೆಣೆಯುವವರು ಇಂಥ ಸಾಕ್ಷಿಗಳನ್ನು ಆರಿಸಿಕೊಳ್ಳುತ್ತಿರಲಿಲ್ಲ. ತಲೆಗೆ ಸುತ್ತಿದ್ದ ವಸ್ತ್ರ ಮಾತ್ರ ಬೇರೆಯಾಗಿ ಸುತ್ತಿಟ್ಟಿತ್ತು ಎಂಬ ಯೊಹಾನನ ವಿವರವೂ ಮನಸ್ಸಿನಲ್ಲಿ ಉಳಿಯುತ್ತದೆ.

ದುಃಖದಲ್ಲಿರುವವರಿಗೆ ಸತ್ತವರು ಕಂಡಂತಾಗುವುದುಂಟು ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. ಕೇಫನ ವಿಷಯದಲ್ಲಿ ಅದು ಹೊಂದಬಹುದು. ಆದರೆ ಪೌಲ ದುಃಖಿಸುತ್ತಿರಲಿಲ್ಲ, ಕ್ರೈಸ್ತ ಸಭೆಯನ್ನು ಹಿಂಸಿಸುತ್ತಿದ್ದ. ಯೇಸು ಬದುಕಿದ್ದಾಗ ತಮ್ಮಂದಿರೇ ಆತನನ್ನು ನಂಬಿರಲಿಲ್ಲವೆಂದು ಯೊಹಾನನ ಸುವಾರ್ತೆ ಹೇಳುತ್ತದೆ. ಆ ತಮ್ಮಂದಿರಲ್ಲೊಬ್ಬನಾದ ಯಾಕೋಬ ಮುಂದೆ ಜೆರೂಸಲೇಮ್ ಸಭೆಯ ಹಿರಿಯನಾದ; ಕ್ರಿ.ಶ. 62ರಲ್ಲಿ ಅವನನ್ನು ಕಲ್ಲೆಸೆದು ಕೊಲ್ಲಿಸಿದ್ದನ್ನು ದಾಖಲಿಸಿದವನೂ ಜೋಸೆಫಸನೇ. ಎದ್ದ ಯೇಸುವನ್ನು ಕಂಡವರೆಂದು ಪೌಲ ಅದೇ 15ನೆಯ ಅಧ್ಯಾಯದಲ್ಲಿ ಕೊಡುವ ಪಟ್ಟಿಯಲ್ಲಿ, ಐನೂರಕ್ಕೂ ಹೆಚ್ಚು ಮಂದಿಯ ನಂತರ, ಅವನ ಹೆಸರು ಒಂಟಿಯಾಗಿ ಬರುತ್ತದೆ: ‘ಯಾಕೋಬನಿಗೆ ಕಾಣಿಸಿಕೊಂಡನು.’