ಗೇಣು ಎತ್ತರದೊಳಗೆ ಉರಿದು ಮುಗಿಯಬೇಕಾದ ಬೆಂಕಿ

ಗ್ಯಾಸ್ ಗೀಸರ್‌ನಲ್ಲಿ ನೀರು ಕೂಡಿಡುವ ತೊಟ್ಟಿ ಇಲ್ಲ. ತಾಮ್ರದ ಕೊಳವೆಯಲ್ಲಿ ಹರಿದುಹೋಗುವ ಕೆಲವೇ ಸೆಕೆಂಡುಗಳಲ್ಲಿ ನೀರು ಕಾಯಬೇಕು. ಅದಕ್ಕೆ ಎಷ್ಟು ಬೆಂಕಿ ಬೇಕು? ಒಂದು ಲೀಟರ್ ನೀರಿನ ಉಷ್ಣತೆ ಒಂದು ಡಿಗ್ರಿ ಏರಲು 4.19 ಕಿಲೋಜೌಲ್ ಬೇಕು. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಹತ್ತೂವರೆ ಕಿಲೋವಾಟ್. ಹೊಗೆಯ ಜೊತೆ ಹೊರಹೋಗುವ ಶಾಖವನ್ನೂ ಸೇರಿಸಿದರೆ ಬರ್ನರ್ ಸುಮಾರು 12 ಕಿಲೋವಾಟ್ ಕೊಡಲೇಬೇಕು. ಅಡುಗೆ ಒಲೆಯ ನಾಲ್ಕು ದೊಡ್ಡ ಬರ್ನರ್‌ಗಳನ್ನು ಒಟ್ಟಿಗೆ ಹಚ್ಚಿದಷ್ಟು ಬೆಂಕಿ ಅದು. ಎಲ್‌ಪಿಜಿಯ ಲೆಕ್ಕದಲ್ಲಿ ನಿಮಿಷಕ್ಕೆ 16 ಗ್ರಾಂ, ಗಂಟೆಗೆ ಹತ್ತಿರ ಹತ್ತಿರ ಒಂದು ಕಿಲೋ.

ಇಷ್ಟು ಬೆಂಕಿಯನ್ನು ಹುಟ್ಟಿಸುವುದು ಕಷ್ಟವಲ್ಲ. ಬರ್ನರ್‌ನ ತುದಿಗೂ ಮೇಲಿರುವ ತಾಮ್ರದ ರೆಕ್ಕೆಗಳಿಗೂ (ನೀರಿನ ಕೊಳವೆಗೆ ಶಾಖ ಹೀರಿಕೊಡುವ ತೆಳು ತಗಡುಗಳು) ನಡುವೆ ಇರುವುದು ಹೆಚ್ಚೆಂದರೆ ಒಂದು ಗೇಣು ಜಾಗ, ಕಷ್ಟವಿರುವುದು ಅಲ್ಲಿ. ಉರಿ ಅಷ್ಟರೊಳಗೆ ಪೂರ್ತಿ ಮುಗಿಯಬೇಕು. ಇನ್ನೂ ಉರಿಯುತ್ತಿರುವ ಜ್ವಾಲೆಯ ತುದಿ ತಣ್ಣನೆಯ ತಾಮ್ರಕ್ಕೆ ತಗುಲಿದರೆ ಅಲ್ಲೇ ಕಮರುತ್ತದೆ. ಇಂಗಾಲ ಅರೆಬೆಂದ ಸ್ಥಿತಿಯಲ್ಲಿ ನಿಲ್ಲುತ್ತದೆ. ಹೊರಬರುವುದು ಮಸಿ ಮತ್ತು ಕಾರ್ಬನ್ ಮೊನಾಕ್ಸೈಡ್. ಗೀಸರ್ ಬರ್ನರ್‌ನ ಒಂದೊಂದು ಭಾಗದ ಆಕಾರವೂ ಈ ಒಂದು ನಿರ್ಬಂಧದಿಂದಲೇ ಹುಟ್ಟಿದೆ.

ಉದ್ದನೆಯ ಹಳದಿ ಜ್ವಾಲೆಯನ್ನು ಗಿಡ್ಡ ನೀಲಿ ಜ್ವಾಲೆಯಾಗಿ ಮಾಡುವ ಉಪಾಯ ಹೊಸದಲ್ಲ. ಅನಿಲಕ್ಕೆ ಮೊದಲೇ ಒಂದಿಷ್ಟು ಗಾಳಿ ಬೆರೆಸಿ ಉರಿಸುವ ಬುನ್ಸೆನ್ ಬರ್ನರ್ 1855ರಲ್ಲೇ ಹೈಡೆಲ್‌ಬರ್ಗ್‌ನಲ್ಲಿ ಬಂತು. 1868ರಲ್ಲಿ ಲಂಡನ್ನಿನ ಬೆಂಜಮಿನ್ ಮಾಘನ್ ತನ್ನ ಅನಿಲದ ನೀರುಕಾಯಿಸುವ ಯಂತ್ರಕ್ಕೆ ‘ಗೀಸರ್’ ಎಂದು ಹೆಸರಿಟ್ಟ. ಹೊಗೆ ಹೊರಹೋಗಲು ಅದರಲ್ಲಿ ಕೊಳವೆಯೇ ಇರಲಿಲ್ಲ. ಆ ಕೊರತೆ ಎಷ್ಟು ಅಪಾಯಕಾರಿ ಎಂಬುದು ಮುಂದೆ ಗೊತ್ತಾಗುತ್ತದೆ.

ಈಗ ಬರ್ನರ್ ಬಿಚ್ಚಿ ನೋಡೋಣ. ಕೆಳಗೆ ಅಡ್ಡಲಾಗಿ ಅನಿಲ ಹಂಚುವ ಒಂದು ಕೊಳವೆ, ಅದರ ಮೇಲೆ ಸಾಲಾಗಿ ಹಿತ್ತಾಳೆಯ ಪುಟ್ಟ ಜೆಟ್‌ಗಳು. 12 ಕಿಲೋವಾಟ್‌ನ ಎಲ್‌ಪಿಜಿ ಗೀಸರ್‌ಗೆ 0.6 ಮಿ.ಮೀ. ತೂತಿನ ಹತ್ತು ಜೆಟ್‌ಗಳು ಸಾಕು. ಹತ್ತೂ ತೂತು ಸೇರಿಸಿದರೆ 2.8 ಚದರ ಮಿ.ಮೀ., ಅಂದರೆ 2 ಮಿ.ಮೀ.ನ ಒಂದೇ ತೂತಿಗಿಂತ ಕಡಿಮೆ. ರೆಗ್ಯುಲೇಟರ್ ಕೊಡುವ 28–30 ಮಿಲಿಬಾರ್ ಒತ್ತಡ, ಅಂದರೆ ಸುಮಾರು 300 ಮಿ.ಮೀ. ನೀರಿನ ಕಂಬದಷ್ಟು, ಕೇಳಲು ಅಲ್ಪವೆನಿಸುತ್ತದೆ. ಆದರೆ ಅದೇ ಒತ್ತಡದಲ್ಲಿ ಅನಿಲ ಆ ತೂತಿನಿಂದ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಚಿಮ್ಮುತ್ತದೆ.

ಆ ವೇಗವೇ ಬರ್ನರ್‌ನ ಗಾಳಿಪಂಪು. ಜೆಟ್‌ನ ಎದುರಿಗೆ ನಡು ಕಿರಿದಾದ ವೆಂಚುರಿ ಬಾಯಿ ಇರುತ್ತದೆ. ನುಗ್ಗುವ ಅನಿಲ ಸುತ್ತಲಿನ ಗಾಳಿಯನ್ನು ತನ್ನ ಜೊತೆ ಎಳೆದುಕೊಂಡು ಅದರೊಳಗೆ ಹೋಗುತ್ತದೆ. ಒಂದು ಪಾಲು ಪ್ರೊಪೇನ್ ಪೂರ್ತಿ ಉರಿಯಲು ಸುಮಾರು 24 ಪಾಲು ಗಾಳಿ ಬೇಕು, ಬ್ಯೂಟೇನ್‌ಗೆ 31. ವೆಂಚುರಿ ಎಳೆದುಕೊಳ್ಳುವುದು ಇದರ ಅರ್ಧದ ಆಸುಪಾಸು. ಇದು ಪ್ರಾಥಮಿಕ ಗಾಳಿ. ಉಳಿದದ್ದನ್ನು ಜ್ವಾಲೆ ಮೇಲೆದ್ದ ನಂತರ ಪಕ್ಕಗಳಿಂದ ಪಡೆಯಬೇಕು. ಬರ್ನರ್ ಒಂದೇ ಅಗಲ ತಟ್ಟೆಯಾಗಿರದೆ, ನಡುವೆ ಸಂದು ಬಿಟ್ಟು ಜೋಡಿಸಿದ ತೆಳ್ಳನೆಯ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿಗಳಾಗಿರುವುದು ಅದಕ್ಕೇ. ಸಂದು ಮುಚ್ಚಿದರೆ ನಡುವಿನ ಜ್ವಾಲೆಗಳು ಗಾಳಿ ಹುಡುಕುತ್ತಾ ಉದ್ದವಾಗಿ ಬೆಳೆದು ರೆಕ್ಕೆಗಳನ್ನು ಮುಟ್ಟುತ್ತವೆ.

ಪಟ್ಟಿಗಳ ನೆತ್ತಿಯ ಮೇಲೆ ಕೊರೆದ ಸೀಳುಗಳು ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯಂತ ನಾಜೂಕಾದ ಭಾಗ. ಒಂದು ಚದರ ಮಿ.ಮೀ. ಸೀಳಿನಿಂದ ಸುಮಾರು 10 ವಾಟ್ ಉರಿಸಬಹುದು ಎಂದು ಹಿಡಿದರೆ 12 ಕಿಲೋವಾಟ್‌ಗೆ 1200 ಚದರ ಮಿ.ಮೀ. ಬೇಕು. ಅರ್ಧ ಮಿ.ಮೀ. ಅಗಲ, 5 ಮಿ.ಮೀ. ಉದ್ದದ ಸೀಳಾದರೆ 480. ಜೆಟ್‌ನಲ್ಲಿ 50 ಮೀಟರ್ ವೇಗವಿದ್ದದ್ದು, ಗಾಳಿ ಬೆರೆತು ಇಲ್ಲಿ ಹೊರಬರುವಾಗ ಒಂದೂವರೆ ಮೀಟರಿಗೆ ಇಳಿದಿರುತ್ತದೆ. ಪ್ರೊಪೇನ್-ಗಾಳಿ ಮಿಶ್ರಣದಲ್ಲಿ ಜ್ವಾಲೆ ಮುನ್ನುಗ್ಗುವ ವೇಗ ಸೆಕೆಂಡಿಗೆ ಸುಮಾರು 0.4 ಮೀಟರ್. ಈ ಎರಡರ ಹಗ್ಗಜಗ್ಗಾಟದಲ್ಲೇ ಜ್ವಾಲೆ ಸೀಳಿನ ಅಂಚಿನಲ್ಲಿ ನಿಲ್ಲುತ್ತದೆ. ಮಿಶ್ರಣದ ವೇಗ ಮಿತಿಮೀರಿದರೆ ಜ್ವಾಲೆ ಅಂಚು ಬಿಟ್ಟು ಮೇಲಕ್ಕೆದ್ದು ಬುಸುಗುಡುತ್ತದೆ. ತೀರಾ ಕುಸಿದರೆ ಬೆಂಕಿ ಸೀಳಿನೊಳಗೆ ಇಳಿದು ‘ಟಪ್’ ಎಂದು ಜೆಟ್‌ನ ಬಾಯಿಯಲ್ಲೇ ಉರಿಯತೊಡಗುತ್ತದೆ. ಪಟ್ಟಿ ಕಾದು ಕೆಂಪಾಗುತ್ತದೆ. ಅರ್ಧ ಮಿ.ಮೀ. ಅಗಲವನ್ನು ಆರಿಸಿರುವುದು ಇದಕ್ಕೆ ತಡೆಯಾಗಿ. ಸುಮಾರು ಎರಡು ಮಿ.ಮೀ.ಗಿಂತ ಕಿರಿದಾದ ಸಂದಿನಲ್ಲಿ ಲೋಹ ಶಾಖವನ್ನು ಹೀರಿಬಿಡುವುದರಿಂದ ಜ್ವಾಲೆ ನುಸುಳಲಾರದು. ಪಟ್ಟಿ ಸೊಟ್ಟಗಾಗಿ ಸೀಳು ಬಾಯ್ಬಿಟ್ಟರೆ ಆ ತಡೆ ಹೋಯಿತು.

ಉರಿಯನ್ನು ಇಳಿಸುವಾಗಲೂ ಇದೇ ತೊಡಕು. ಅನಿಲದ ಹರಿವು ಒತ್ತಡದ ವರ್ಗಮೂಲದಂತೆ ಬದಲಾಗುತ್ತದೆ. ಉರಿ ಅರ್ಧವಾಗಬೇಕಾದರೆ ಒತ್ತಡ 28 ಮಿಲಿಬಾರ್‌ನಿಂದ 7ಕ್ಕೆ ಇಳಿಯಬೇಕು. ಇನ್ನೂ ಇಳಿಸಿದರೆ ಬೆಂಕಿ ಒಳಗಿಳಿಯುವ ಭಯ. ಆದ್ದರಿಂದ ಸುಧಾರಿತ ಗೀಸರ್‌ಗಳಲ್ಲಿ ಪಟ್ಟಿಗಳನ್ನು ಗುಂಪುಗಳಾಗಿ ಮಾಡಿ, ಕಡಿಮೆ ಶಾಖ ಬೇಕಾದಾಗ ಒಂದು ಗುಂಪನ್ನೇ ನಂದಿಸಿಬಿಡುತ್ತಾರೆ. ಉಳಿದ ಪಟ್ಟಿಗಳು ತಮ್ಮ ಸರಿಯಾದ ವೇಗದಲ್ಲೇ ಉರಿಯುತ್ತವೆ.

ಹೊತ್ತಿಸುವ ಕ್ರಮವೂ ಸೂಕ್ಷ್ಮವಾದದ್ದು. ನೀರು ಹರಿದಾಗ ಉಂಟಾಗುವ ಒತ್ತಡದ ವ್ಯತ್ಯಾಸ ಒಂದು ರಬ್ಬರ್ ಪೊರೆಯನ್ನು (ಡಯಾಫ್ರಾಮ್) ತಳ್ಳುತ್ತದೆ. ಅದರ ಕಡ್ಡಿ ಸ್ವಿಚ್ ಒತ್ತಿ, ಅನಿಲದ ವಾಲ್ವ್ ತೆರೆಯುತ್ತದೆ. ಕಿಡಿ ಮೊದಲು, ಅನಿಲ ನಂತರ, ಅದೂ ನಿಧಾನವಾಗಿ. ಬ್ಯಾಟರಿ ಸೊರಗಿ ಕಿಡಿ ತಡವಾದರೆ ಪೆಟ್ಟಿಗೆಯಲ್ಲಿ ಅನಿಲ ತುಂಬಿ ‘ಧಡ್’ ಎಂದು ಹೊತ್ತಿಕೊಳ್ಳುತ್ತದೆ. ಈ ಸದ್ದನ್ನು ಮಾಮೂಲಿ ಎಂದು ಬಿಡಬೇಡಿ. ಜ್ವಾಲೆಯಲ್ಲಿ ನಿಂತ ಇನ್ನೊಂದು ಕಡ್ಡಿ, ಬೆಂಕಿಯ ಮೂಲಕ ಹರಿಯುವ ಮೈಕ್ರೋಆಂಪಿಯರ್‌ನಷ್ಟು ಸಣ್ಣ ವಿದ್ಯುತ್ತನ್ನು ಗಮನಿಸುತ್ತಿರುತ್ತದೆ. ಅದು ನಿಂತೊಡನೆ ಅನಿಲವೂ ನಿಲ್ಲುತ್ತದೆ.

ಅತಿ ಹೆಚ್ಚು ಹಾಳಾಗುವುದು ಜೆಟ್, ಅದೂ ರಿಪೇರಿಯ ಹೆಸರಿನಲ್ಲಿ. ಕಟ್ಟಿಕೊಂಡ ತೂತಿಗೆ ಸೂಜಿ ಹಾಕಿ ತಿರುಗಿಸುತ್ತಾರೆ. ಹಿತ್ತಾಳೆ ಮೆತ್ತಗಿನ ಲೋಹ, 0.6 ಇದ್ದದ್ದು 0.7 ಆಗಲು ಹೆಚ್ಚು ಹೊತ್ತು ಬೇಡ. ಕಣ್ಣಿಗೆ ಕಾಣದ ಆ ವ್ಯತ್ಯಾಸದಿಂದ ಅನಿಲ ಶೇ. 36ರಷ್ಟು ಹೆಚ್ಚುತ್ತದೆ, ಗಾಳಿ ಮಾತ್ರ ಆ ಪ್ರಮಾಣದಲ್ಲಿ ಏರುವುದಿಲ್ಲ. ಜ್ವಾಲೆ ಹಳದಿಯಾಗುತ್ತದೆ, ರೆಕ್ಕೆಗಳಿಗೆ ಮಸಿ ಹಿಡಿಯುತ್ತದೆ, ಹೊಗೆಯ ದಾರಿ ಕಿರಿದಾಗುತ್ತದೆ, ಗಾಳಿಯ ಎಳೆತ ಇನ್ನೂ ತಗ್ಗುತ್ತದೆ. ಜೆಟ್ ಅನ್ನು ದ್ರಾವಕದಲ್ಲಿ ನೆನೆಸಿ ಗಾಳಿ ಊದಬೇಕು, ಆಗದಿದ್ದರೆ ಬದಲಿಸಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲಕ್ಕೆ ಬದಲಾಯಿಸುವಾಗಲೂ ಇದೇ ಎಚ್ಚರ ಬೇಕು. ಅದರ ಒತ್ತಡ ಕಡಿಮೆ, ಘನಮೀಟರಿನಲ್ಲಿರುವ ಶಾಖವೂ ಕಡಿಮೆ. ತೂತಿನ ವಿಸ್ತೀರ್ಣ ಸುಮಾರು ಎರಡುಪಟ್ಟು ಬೇಕು. ಆ ದೊಡ್ಡ ಜೆಟ್‌ಗೆ ಎಲ್‌ಪಿಜಿ ಕೊಟ್ಟರೆ ಬೆಂಕಿಯೂ ಸುಮಾರು ಎರಡುಪಟ್ಟಾಗುತ್ತದೆ.

ಎರಡನೆಯ ಶತ್ರು ಕಸ: ವೆಂಚುರಿಯ ಬಾಯಲ್ಲಿ ಬಟ್ಟೆಯ ನೂಲುಧೂಳು, ಜೇಡರ ಬಲೆ. ಮೂರನೆಯದು ಮೇಲಿನಿಂದಲೇ ಬೀಳುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದಾಗ ಒಂದೂವರೆ ಕಿಲೋಗೂ ಹೆಚ್ಚು ನೀರಾವಿ ಹುಟ್ಟುತ್ತದೆ. ತಣ್ಣಗಿರುವ ತಾಮ್ರದ ಮೇಲೆ ಅದು ಹನಿಗಟ್ಟಿ, ಕಾಲಕ್ರಮೇಣ ತಾಮ್ರವನ್ನು ತಿನ್ನುತ್ತದೆ. ಹಸಿರು ಹಕ್ಕಳೆಗಳು ಉದುರಿ ಸೀಳುಗಳ ಮೇಲೆ ಕೂರುತ್ತವೆ. ಒಂದು ಕಡೆ ಮಾತ್ರ ಜ್ವಾಲೆ ಹಳದಿಯಾಗಿ ಓಲಾಡುತ್ತಿದ್ದರೆ ಮೊದಲು ಅಲ್ಲಿ ನೋಡಿ.

ಬರ್ನರ್ ಎಷ್ಟೇ ಚೆನ್ನಾಗಿರಲಿ, ಕೋಣೆಯ ಗಾಳಿ ಕೆಟ್ಟರೆ ಅದರ ಲೆಕ್ಕವೆಲ್ಲ ತಪ್ಪುತ್ತದೆ. ಗಂಟೆಗೆ ಒಂದು ಕಿಲೋ ಎಲ್‌ಪಿಜಿಗೆ ಕನಿಷ್ಠ 13 ಘನಮೀಟರ್ ಗಾಳಿ ಬೇಕು. ಎರಡು ಮೀಟರ್ ಉದ್ದ, ಒಂದೂವರೆ ಅಗಲ, 2.4 ಮೀಟರ್ ಎತ್ತರದ ಬಚ್ಚಲಿನಲ್ಲಿರುವುದು ಬರೀ 7.2. ಕಿಟಕಿ ಮುಚ್ಚಿ ಹತ್ತು ನಿಮಿಷ ಉರಿಸಿದರೆ ಸುಮಾರು ಮೂರನೆಯ ಒಂದು ಪಾಲು ಗಾಳಿಯ ಆಮ್ಲಜನಕ ಮುಗಿಯುತ್ತದೆ. ಅದಕ್ಕೂ ಮುಂಚೆಯೇ ಬರ್ನರ್ ತನ್ನ ಹೊಗೆಯನ್ನೇ ಮತ್ತೆ ಎಳೆದುಕೊಂಡು ಕಾರ್ಬನ್ ಮೊನಾಕ್ಸೈಡ್ ಕಾರತೊಡಗಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಸ್ನಾನ ಮಾಡುವವರು ತಲೆಸುತ್ತು ಎಂದುಕೊಳ್ಳುವಷ್ಟರಲ್ಲಿ ಕಾಲು ಕುಸಿದಿರುತ್ತದೆ. ಹೊಗೆಕೊಳವೆ ಇಲ್ಲದ ಗೀಸರ್ ಬಚ್ಚಲೊಳಗೆ ಇರಲೇಬಾರದು.

ಬರ್ನರ್ ತೊಳೆದು ಮರಳಿ ಕೂರಿಸುವಾಗ ಪ್ರತಿ ಜೆಟ್ ತನ್ನ ವೆಂಚುರಿಯ ನಟ್ಟನಡುವೆ ನೆಟ್ಟಗಿದೆಯೇ ನೋಡಿ. ಓರೆಯಾದ ಜೆಟ್ ಸಾಕಷ್ಟು ಗಾಳಿ ಎಳೆಯದು. ಪಟ್ಟಿ ಪೂರ್ತಿ ಒಣಗಿರಲಿ. ಬಿಚ್ಚಿದ ಕಡೆಯಲ್ಲೆಲ್ಲ ಸೋಪುನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಪರೀಕ್ಷಿಸಿ. ಕಿಟಕಿ ತೆರೆದು ನಲ್ಲಿ ತಿರುಗಿಸಿ. ಕಿಡಿಯ ಪಕ್ಕದ ಪಟ್ಟಿಯಿಂದ ಕೊನೆಯ ಪಟ್ಟಿಯವರೆಗೆ ಬೆಂಕಿ ಸದ್ದಿಲ್ಲದೆ, ಒಂದೇ ಓಟದಲ್ಲಿ ಹಬ್ಬಬೇಕು. ಪ್ರತಿ ಸೀಳಿನ ಮೇಲೂ ಚೂಪಾದ ನೀಲಿ ಒಳತುದಿ ಕಾಣಬೇಕು. ಒಂದು ಪಟ್ಟಿ ತಡವಾಗಿ ಹೊತ್ತಿದರೂ ಅನಿಲ ಮುಚ್ಚಿ, ಬರ್ನರ್ ಅನ್ನು ಮತ್ತೆ ಬಿಚ್ಚಿ ನೋಡಿ.